ಜಜ್ಜಿದ ಸೈಲೆನ್ಸರ್

ಸೈಲೆನ್ಸರ್ ಕೆಟ್ಟ ಕಾರಿನ ಹೊಗೆ ಮೂಗಿಗೆ ಬಡಿದರೆ ಈಗಲೂ ಸನತ್‌ನಗರದ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ.

ಅಪ್ಪ ಸಾಫ್ಟ್‌ವೇರ್ ಕಂಪನಿಯವರನ್ನು ಕರೆದೊಯ್ಯುವ ಬಾಡಿಗೆ ಕಾರು ಓಡಿಸುತ್ತಿದ್ದ. ಅದು ಯಾಕೋ ವಿಪರೀತ ಡೀಸೆಲ್ ಕುಡಿಯತೊಡಗಿತ್ತು.

“ಎಣ್ಣಿ ಕದ್ದು ಮಾರಾಕತ್ತೀಯೇನು?” ಎಂದು ಕಾರಿನ ಮಾಲೀಕರು ಮನೆ ಬಾಗಿಲಿಗೇ ಬಂದು ಕೇಳಿದರು.

ಅಪ್ಪ ಕಾರಿನಡಿ ತೂರಿ, ಮೈಯೆಲ್ಲ ಮಸಿ ಮಾಡಿಕೊಂಡು ಹೊರಬಂದ. “ಸೈಲೆನ್ಸರ್ ಪೈಪ್ ಜಜ್ಜಿ ಹೋಗೇತ್ರಿ. ಹೊಗಿ ಹೊರಗ ಹೋಗವಲ್ದು, ಅದಕ್ಕ ಎಣ್ಣಿ ಭಾಳ ತಿನ್ನಾಕತ್ತೈತಿ.”

“ನೆಪ ಹೇಳಬ್ಯಾಡ.”

“ಭಾನುವಾರ ಕಾಕಾ ಕಾರು ಒಯ್ದು ಕಲ್ಲಿನ ಮ್ಯಾಲೆ ಹತ್ತಿಸಿದ್ನಲ್ಲ!” ಎಂದೆ ನಾನು.

ಪಕ್ಕದಲ್ಲೇ ನಿಂತಿದ್ದ ಕಾಕಾ ನಕ್ಕ. “ಸಣ್ಣ ಹುಡುಗಿ, ಏನರ ಹೇಳ್ತಾಳ್ರಿ.”

ಅಪ್ಪ ತಮ್ಮನ ಮುಖವನ್ನೇ ನೋಡಿದ. ಆಮೇಲೆ ಕೀಲಿಕೈಯನ್ನು ಮಾಲೀಕರ ಕೈಗಿಟ್ಟ.

ಪೈಪ್ ಬದಲಾಯಿತು. ವಾರದೊಳಗೆ ಅದೇ ಕಾರು ನಮ್ಮ ಓಣಿಯಲ್ಲಿ ಸದ್ದಿಲ್ಲದೆ ಹಾದುಹೋಯಿತು. ಓಡಿಸುತ್ತಿದ್ದವನು ಕಾಕಾ.