ಕೋಳಿಗೆಂದು ಕೊಂಡ ನುಚ್ಚು

ದಿನವಿಡೀ ಮನೆಮನೆಯ ಪಾತ್ರೆ ತಿಕ್ಕಿ ನಿಂಗಾಜಮ್ಮನ ಸೊಂಟ ಬಿದ್ದುಹೋಗಿತ್ತು. ಅಂಗಡಿಯಲ್ಲಿ ಎಂದಿನಂತೆ, "ಕೋಳಿಗೆ ನುಚ್ಚು ಕೊಡಿ ಶೆಟ್ರೇ," ಎಂದಳು. ಅವಳ ಮನೆಯಲ್ಲಿ ಕೋಳಿಯೇ ಇರಲಿಲ್ಲ. ಆ ನುಚ್ಚು ಬೇಯಿಸಿ ಉಣ್ಣುವವಳು ಅವಳೇ.

ಪಕ್ಕದಲ್ಲಿದ್ದ ಮೇಷ್ಟ್ರ ಹೆಂಡತಿ ತಿರುಗಿದಳು. "ಕೋಳಿ ಸಾಕಿದ್ದೀಯೇನೇ ಕಳ್ಳಿ? ಒಂದಿನಾನೂ ಬಾಯಿ ಬಿಡಲಿಲ್ಲ! ಬೆಳಿಗ್ಗೆ ನಿಮ್ಮನೆಗೇ ಬರ್ತೀನಿ, ನಾಟಿ ಮೊಟ್ಟೆ ಎತ್ತಿಡು."

ನಿಂಗಾಜಮ್ಮನ ಗುಟ್ಟು ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದು ಸುಳ್ಳು ಹೊಸೆಯುವಷ್ಟೂ ತ್ರಾಣ ಉಳಿದಿರಲಿಲ್ಲ.

ಶೆಟ್ಟರು ತಕ್ಕಡಿ ಕುಕ್ಕಿದರು. ಯಾರಾದರೂ ಮೊಟ್ಟೆಯ ಹೆಸರೆತ್ತಿದರೆ ಅಂಗಡಿಗೆಲ್ಲ ನೀರು ಚಿಮುಕಿಸುವ ಮಡಿವಂತರು ಅವರು. ಮಾನ ಹೋಯಿತೆಂದು ಅವಳು ತಲೆ ತಗ್ಗಿಸಿದಳು.

"ಸುಮ್ಮನೆ ಯಾಕೆ ಹೋಗ್ತೀರಮ್ಮ?" ಎಂದು ಶೆಟ್ಟರು ಗದರಿದರು. "ಅವಳ ಕೋಳಿ ಇಡೋ ಮೊಟ್ಟೆನೆಲ್ಲ ನಾನೇ ತಿಂತೀನಿ."