ಡಾಕ್ಟರರ ಹಿಂತಲೆ

ಇನ್ನೊಬ್ಬರ ತಲೆಯ ವಿಷಯ ನಾನು ಹೇಳುವುದು ಸರಿಯೋ ಇಲ್ಲವೋ, ತಪ್ಪಿದ್ದರೆ ಕ್ಷಮಿಸಿ. ಕೂದಲು ನೆಡಿಸಿಕೊಳ್ಳಲು ಬಂದ ಇಸ್ತಾಂಬುಲ್‌ನ ಕ್ಷೌರಿಕ ಶಾಕಿರ್, ಆಪರೇಷನ್ ಮೇಜು ಹತ್ತದೆ ನಿಂತುಬಿಟ್ಟ. ಹಿಂತಲೆಯ ಕೂದಲನ್ನೇ ಕಿತ್ತು ಮುಂದೆ ನೆಡಬೇಕು; ಅವನಲ್ಲಿ ಉಳಿದಿದ್ದದ್ದು ಒಂದು ಸಲಕ್ಕೆ ಮಾತ್ರ ಸಾಕಾಗುವಷ್ಟಿತ್ತು. ಕೀಳುವ ಕೈ ತಪ್ಪಿದರೆ ಅದೂ ಹೋಯಿತು.

“ಡಾಕ್ಟರೇ, ಸ್ವಲ್ಪ ತಿರುಗಿ. ನೀವೂ ಕೂದಲು ನೆಡಿಸ್ಕೊಂಡಿದೀರಂತೆ, ನಿಮ್ಮ ಹಿಂತಲೆ ನೋಡ್ಬೇಕು.”

“ನಿಮ್ಮ ಅಂಗಡಿಗೆ ನಾನು ಬಂದಿಲ್ಲ ಉಸ್ತಾದ್, ನೀವು ನನ್ನ ಹತ್ರ ಬಂದಿರೋದು!” ಎಂದು ಡಾಕ್ಟರ್ ತುಗ್ರುಲ್ ನಕ್ಕರು. ಆದರೂ ಟೋಪಿ ತೆಗೆದು ತಿರುಗಿ ನಿಂತರು.

ಶಾಕಿರ್ ಬೆರಳಿನಿಂದ ಕೂದಲು ಸರಿಸಿದ. ಕಿವಿಯಿಂದ ಕಿವಿಯವರೆಗೆ ಬಿಳಿಯ ಗಾಯದ ಗೆರೆ.

“ಇದ್ಯಾರು ಮಾಡಿದ್ದು?”

“ನಂಗೆ ಕೆಲಸ ಕಲಿಸಿದವರು. ಕೂದಲಿರೋ ಚರ್ಮಾನ ಪಟ್ಟಿಯಾಗಿ ಕತ್ತರಿಸಿ ತೆಗೆದ್ರು. ನಾನು ಹಾಗೆ ಮಾಡಲ್ಲ, ಒಂದೊಂದೇ ಬೇರು ತೆಗೀತೀನಿ.”

“ನೀವೇನಾ? ನರ್ಸ್ ಕೈಗೆ ಕೊಟ್ಟು ಚಹಾ ಕುಡಿಯೋಕೆ ಹೋಗಲ್ಲ ತಾನೆ?”

“ನಾನೇ. ಸಂಜೆವರೆಗೂ.”

ಇದುವರೆಗೆ ಅವನು ನೋಡಿದ್ದ ಆರು ಡಾಕ್ಟರರೂ ಬೇರೆಯವರ ತಲೆಗಳ ಫೋಟೋ ತೋರಿಸಿದ್ದರು. ತಮ್ಮ ಗಾಯ ತೋರಿಸಿದವರು ಇವರೊಬ್ಬರೇ. ಶಾಕಿರ್ ಮೇಜು ಹತ್ತಿ ಬೋರಲು ಮಲಗಿದ. ನೆಟ್ಟ ಕೂದಲು ಹಿಡಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.