ಬರೀ ದಾರಿ ತೋರಿಸುವ ಪ್ಲಾನ್

ಹುಬ್ಬಳ್ಳಿ ವಿಮಾನ ನಿಲ್ದಾಣದ ಇ-ಸಿಮ್ ಅಂಗಡಿಯಲ್ಲಿ ಶಿವಲೀಲಾ ಕಿವಿಯ ಹಿಂದಿನ ಚಿಪ್ಪಿಗೆ ಪ್ಲಾನ್ ಹಾಕಿಸಿಕೊಳ್ಳಲು ಕೂದಲು ಸರಿಸಿಕೊಂಡು ಕೂತಿದ್ದಳು. ತಂಗಿ ಕಸ್ತೂರಿ ಒಸಾಕಾದ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎನ್ನುವಂತಿದ್ದಳು.

"ಪೂರ್ತಿ ಪ್ಲಾನ್ ಹಾಕ್ತೀನ್ರಿ ಅಕ್ಕಾರ," ಎಂದ ಅಂಗಡಿಯ ಮೆಹಬೂಬ. "ಇಳಿದ ಕೂಡಲೇ ಜಪಾನಿ ಭಾಷಾ ಬಾಯಿಗೆ ಬರ್ತದ. ತಿರುಗಿ ಬರೋತನಕ ಕನ್ನಡ ಮಲಗಿರ್ತದ, ಅಷ್ಟ."

"ಬ್ಯಾಡೋ ತಮ್ಮಾ. ಬರೇ ದಾರಿ ತೋರಸೋದು ಹಾಕು."

"ಅಲ್ಲಿ ಮೂಕರಂಗ ಅಡ್ಡಾಡಬೇಕಾಗ್ತದರೀ! ನಿಮ್ಮ ತಂಗಿಯವರಿಗೂ ಈಗ ಕನ್ನಡ ತಿಳಿಯಂಗಿಲ್ಲ. ಲಗ್ನಾಗಿ ಹೋಗೋ ಮುಂದ ಅವರಿಗೆ ಪೂರ್ತಿ ಪ್ಲಾನ್ ಹಾಕಿದಾಂವ ನಾನ ಅಲ್ಲೇನ್ರಿ?"

ಶಿವಲೀಲಾಗೆ ಅದು ಗೊತ್ತಿರದ ಮಾತಲ್ಲ. ಅಂದಿನಿಂದ ಅಕ್ಕತಂಗಿಯರು ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ನಗುತ್ತಿದ್ದರು.

"ಜೀವ ಹೋಗೋ ಮುಂದ ಎಲ್ಲಾರ ಪ್ಲಾನೂ ತಾನಾಗೇ ಬಿಟ್ಟು ಹೋಗ್ತದಲ್ಲ?" ಎಂದಳು.

ಮೆಹಬೂಬನ ಕೈ ಅಲ್ಲೇ ನಿಂತಿತು. "ಹೌದ್ರಿ. ಕಡೀ ಗಳಿಗಿಗೆ ಹುಟ್ಟಿದ ಭಾಷಾನ ಬರ್ತದ."

"ಅಲ್ಲಿ ಆಕಿ ಗಂಡ, ಮಕ್ಕಳು ಎಲ್ಲಾರೂ ಜಪಾನಿ ಮಂದಿ. ಆಕಿ 'ನೀರು' ಅಂದ್ರ, ತಿಳಕೊಂಡು ಬಾಯಾಗ ನೀರು ಬಿಡೋರು ಒಬ್ಬರರ ಇರಬೇಕಲ್ಲೋ."